ಖಾನಾಪುರಕ್ಕ ಬಂದ ಸಮುದ್ರದ ಗಡಿಯಾರ

ಮಂದಿ ಕೈಯಾಗಿನ ಗಡಿಯಾರ ಅವರಿಗೆ ವ್ಯಾಳ್ಯಾ ತೋರಸ್ತೈತಿ. ನನ್ನ ಕೈಯಾಗಿಂದು ಮಾತ್ರ ಊರಿಗೆಲ್ಲಾ ನನ್ನ ತೋರಿಸಿ ನಗಸ್ತೈತಿ. ಹೋದ ವರ್ಷದಿಂದ ಇದ ನಡದೈತಿ.

ನನ್ನ ಹೆಂಡತಿಯ ತಮ್ಮ ಹಡಗಿನ್ಯಾಗ ನೌಕರಿ ಮಾಡ್ತಾನ. ರಜಾಕ್ಕ ಬಂದಾಗ ನನಗೊಂದು ಭಾರೀ ಗಡಿಯಾರ ಕೊಟ್ಟ. ಸಮುದ್ರದಾಗ ಮುಳುಗಿ ಕೆಲಸ ಮಾಡವರು ಕಟ್ಟಿಕೊಳ್ಳೂವಂಥಾದ್ದು, ಮುನ್ನೂರು ಮೀಟರ ಆಳಕ್ಕ ಹೋದ್ರೂ ಒಳಗ ಹನಿ ನೀರು ಹೋಗೂದಿಲ್ಲ. ಅದರ ಜೋಡಿ ಒಂದು ಪುಸ್ತಕ. ಈ ಗಡಿಯಾರ ಮಾಡೂ ಪರದೇಶದ ಮನಿತನದ ಮುತ್ತಜ್ಜ ಹಿಮ ಬಿದ್ದಾಗ ಮನ್ಯಾಗ ಕುಂತು ಸಣ್ಣ ಸಣ್ಣ ಗಾಲಿ ಕೊರದದ್ದು, ಮೊಮ್ಮಗ ಗಡಿಯಾರನ ಸಮುದ್ರಕ್ಕ ಇಳಿಸಿದ್ದು, ಎಲ್ಲಾ ಅದರಾಗ ಐತಿ. ನಾ ಅದನ್ನ ಬಾಯಿಪಾಠ ಮಾಡಿಬಿಟ್ಟೆ.

ಹೆಂಡತಿ ಒಂದ ಮಾತು ಹೇಳಿದ್ಲು: "ನನ್ನ ತಮ್ಮ ಬೆವರು ಸುರಿಸಿ ತಂದದ್ದು. ಇದು ಮನಿ ಬಿಟ್ಟು ಹೋತಂದ್ರ ನಾನೂ ಮನ್ಯಾಗ ಇರಾಂಗಿಲ್ಲ." ಆಕಿ ಹೇಳಿದ್ದನ್ನ ಮಾಡೂ ಪೈಕಿ.

೧. ಮಳಿ

ನಮ್ಮ ಬೆಳಗಾವಿ ಮಳಿ ನಿಮಗ ಗೊತ್ತ ಐತಿ, ಹಿಡಿದ್ರ ಬಿಡೂದಿಲ್ಲ. ನಾನೋ ಕೈ ತೊಳಿಯೂಮುಂದ ಸೈತ ಗಡಿಯಾರ ಬಿಚ್ಚಿ ಇಡಾಂವ. ಒಂದಿನ ಮಹಾಂತೇಶ ನಗರದಾಗ ಒಂದು ಅಂಗಡಿ ತಗಡಿನ ಕೆಳಗ ಗಡಿಯಾರಕ್ಕ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ತಾಸಗಟ್ಟಲೆ ನಿಂತೆ. ಆಫೀಸಿಗೆ ಹೋಗೂದ್ರಾಗ ಹನ್ನೆರಡು. ಯಾಕ ತಡಾ ಅಂತ ಸಾಹೇಬ್ರು ಕೇಳಿದ್ರು. ಗಡಿಯಾರ ತೊಯ್ತೈತಿ ಅಂತ ನಿಂತಿದ್ದೆ ಅಂದೆ. ಮುನ್ನೂರು ಮೀಟರಿನ ಕಥಿ ನನ್ನ ಬಾಯಿಂದ ನಾಕ ಸಲ ಕೇಳಿದವರು ಅವರು.

ಚಷ್ಮಾ ಕೆಳಗಿಳಿಸಿ ಶಾಂತರೀತಿ ಹೇಳಿದ್ರು: "ಗಡಿಯಾರನರ ಮುಂದ ಕಳಿಸಬೇಕಿತ್ತಲ್ರೀ. ನೀವು ಮಳಿ ನಿಂತ ಮ್ಯಾಲ ಬರಬಹುದಿತ್ತು."

೨. ಸೆಲ್

ಒಂದು ಸೋಮವಾರ ಗಡಿಯಾರ ನಿಂತ ಬಿಡ್ತು. ನನ್ನ ಜೀವಾನೂ ಅರ್ಧಾ ನಿಂತಂಗಾತು. ಹೆಂಡತಿಗೆ ಹೇಳದ ಹಿಂದವಾಡಿಗೆ ಓಡಿದೆ. ಅಲ್ಲೊಬ್ರು ಹಿರೇರು, ಅಪ್ಪನ ಕಾಲದಿಂದ ಗಡಿಯಾರ ರಿಪೇರಿ ಮಾಡೂ ಜೈನರು. ಸೆಲ್ ಹಾಕಿ ಕೊಡ್ರಿ ಅಂದೆ. ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿ, ಇದರಾಗ ಸೆಲ್ಲ ಇಲ್ಲ, ಕಟ್ಟಿಕೊಂಡವರ ಕೈ ಆಡಿದ್ರ ತಾನ ಚಾವಿ ಕೊಟ್ಟುಕೊಂಡು ನಡೀತೈತಿ ಅಂದ್ರು. ಆಮ್ಯಾಲ ನನ್ನ ನೌಕರಿ ಕೇಳಿದ್ರು. ಸರಕಾರಿ ಆಫೀಸಿನಾಗ ಕ್ಲರ್ಕ್ ಅಂದೆ.

ಅವರು ಗಡಿಯಾರ ಒರಿಸಿ ವಾಪಸ್ ಕೊಟ್ರು. ರೊಕ್ಕಾ ಎಷ್ಟು ಅಂದ್ರ, "ಬ್ಯಾಡ್ರಿ. ದೋಷ ಗಡಿಯಾರದಾಗ ಇಲ್ಲ."

೩. ರೊಟ್ಟಿ

ಮನಿಗೆ ಬಂದು ಕುರ್ಚಿ ಮ್ಯಾಲ ಕುಂತು ಕೈ ಝಾಡಿಸೂದ ಹಚ್ಚಿದೆ. ಹೆಂಡತಿ ನೋಡಿದ್ಲು, ಖರೇ ಸಂಗತಿ ಬಾಯಿ ಬಿಡಿಸಿದ್ಲು, ಗಡಿಯಾರ ಕಸಗೊಂಡು ತನ್ನ ಕೈಗೆ ಕಟ್ಟಿಕೊಂಡು ರೊಟ್ಟಿ ಬಡಿಯಾಕ ಕುಂತ್ಲು. ಮೂರನೇ ರೊಟ್ಟಿ ತವಾಕ್ಕ ಬೀಳೂದ್ರಾಗ ಮುಳ್ಳು ತಿರುಗಾಕ ಹತ್ತಿತು. ಮುಗಿದ ಮ್ಯಾಲ ಜ್ವಾಳದ ಹಿಟ್ಟು ಮೆತ್ತಿದ ಗಡಿಯಾರನ ನಲ್ಲಿ ಕೆಳಗ ಹಿಡದು ತೊಳದ್ಲು. ನಾ ಕಣ್ಣು ಮುಚ್ಚಿಕೊಂಡೆ. ಅವತ್ತಿಂದ ಮುಂಜಾನೆ ಆಕಿ ಕೈಯಾಗ, ಆಮ್ಯಾಲ ನನ್ನ ಕೈಯಾಗ. ಖರೇ ಹೇಳ್ತೇನಿ, ಆಕಿ ಕೈಗೆ ಅದು ಭಾಳ ಚಂದ ಕಾಣ್ತೈತಿ.

ಹೆಂಡತಿಯ ತಮ್ಮ ಹಡಗಿನಿಂದ ಫೋನ್ ಮಾಡಿ, "ಮಾಮಾ, ಗಡಿಯಾರ ಹೆಂಗ ನಡದೈತಿ?" ಅಂತ ಕೇಳಿದ. ನಾ ಬಾಯಿ ತಗಿಯೂದ್ರಾಗ ಅಡಗಿಮನಿಯಿಂದ ಅಕ್ಕನ ಉತ್ತರ ಹೋತು: "ಇಪ್ಪತ್ತು ರೊಟ್ಟಿಗೆ ಒಂದಿನ ನಡೀತೈತೋ ತಮ್ಮಾ."

೪. ಹೆಳವ

ಖಾನಾಪುರ ತಾಲೂಕಿನಾಗ ಹಲಸಿ ಬಾಜೂಕ ನಮ್ಮ ಊರು. ನಮ್ಮದು ಕುರಿ ಕಾಯೂ ಮನಿತನ, ಅಣ್ಣ ಈಗೂ ಹಿಂಡು ಕಟ್ಟಿದಾನ. ನಾವು ಗಂಡಾ-ಹೆಂಡತಿ ಹ್ವಾದ ದಿನಾನ ಹೆಳವ ಬಂದ. ಮನಿತನದ ಹಿರೇರ ಹೆಸರು ಬರದಿಟ್ಟು, ವರ್ಷೆರಡು ವರ್ಷಕ್ಕ ಬಂದು ಓದಿ ಹೇಳಿ, ಕಾಣಿಕಿ ಒಯ್ಯೂದು ಅವನ ಕಸುಬು. ಕಟ್ಟಿ ಮ್ಯಾಲ ಕುಂತು ನಮ್ಮ ಹನ್ನೊಂದು ತಲಿಮಾರಿನ ಹೆಸರು ಓದಿದ. ಯಾರು ಯಾವ ಗುಡ್ಡ ಇಳದು ಬಂದ್ರು, ಯಾರು ಏನು ದಾನ ಕೊಟ್ರು, ಒಂದೂ ಬಿಡಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಗಡಿಯಾರದ ಮನಿತನದ ಕಥಿ ಪೂರಾ ಹೇಳಿದೆ. ಹೆಳವ ತಲಿ ಆಡಿಸಿ ಕೇಳಿ, "ಚಲೋ ಮನಿತನ. ಅವರ ಹೆಳವ ಯಾರ್ರಿ?" ಅಂದ. ಹೆಳವ ಇಲ್ಲ, ಪುಸ್ತಕ ತಾವ ಛಾಪಿಸಿಕೊಳ್ತಾರ ಅಂದೆ. ತಮ್ಮ ಹೊಗಳಿಕಿ ತಾವ ಬರಕೊಂಡ್ರ ನಂಬೂದು ಹೆಂಗ ಅಂತ ಆತ ಸಂಕಟ ಪಟ್ಟ. ಆಮ್ಯಾಲ ಪೆನ್ನು ತಗದು, "ಈ ಸಲ ಕಾಣಿಕಿ ಆ ಗಡಿಯಾರನ ಬರೀಲೇನ್ರಿ?" ಅಂದ.

ಹೆಳವ ಬಾಯಿಬಿಟ್ಟು ಕೇಳಿದ್ರ ನಮ್ಮ ಮನ್ಯಾಗ ಯಾರೂ ಬರಗೈಲೆ ಕಳಿಸಿಲ್ಲ. ಕೊಟ್ಟುಬಿಡೋ, ಮನಿತನದ ಮಾನದ ಪ್ರಶ್ನಾ ಅಂತ ಅಣ್ಣ ಅಂದ. ಹೆಂಡತಿ ಬಾಗಲದಾಗ ಬಂದು ನಿಂತ್ಲು. ನನ್ನ ಕೈ ಕಡೆ ನೋಡಿದ್ಲು ಅಷ್ಟ. ಅಂಗಳದಾಗ ಅಣ್ಣ ಮಗನಂಗ ಸಾಕಿದ್ದ ಟಗರು ಕಟ್ಟಿತ್ತು. ನನಗ ಅದೊಂದ ದಾರಿ ಕಂಡಿತು.

"ಟಗರು ಒಯ್ಯಿರಿ" ಅಂದುಬಿಟ್ಟೆ.

ಅಣ್ಣ ಎದ್ದು ಟಗರಿನ ಹಗ್ಗ ಹಿಡಕೊಂಡ. ಹೆಳವಗ ಕೊಟ್ಟ ಮಾತು ಹಿಂದಕ್ಕ ತಗೊಳ್ಳಾಕ ಬರೂದಿಲ್ಲ. ಹೆಂಡತಿ ಮುಖ ಅರಳಿತು, ಚಹಾ ಇಡಾಕ ಒಳಗ ಹ್ವಾದ್ಲು. ನಾನೂ ಗೆದ್ದೆ ಅಂತ ಬೆವರು ಒರಸಿಕೊಂಡೆ. ಹೆಳವ ಸಾವಕಾಶ ಬರದು ಮುಗಿಸಿ, ಮುಂದಿನ ತಲಿಮಾರು ಕೇಳೂಹಂಗ ಗಟ್ಟಿ ಧ್ವನಿಲೆ ಓದಿದ:

"ಹನ್ನೆರಡನೇ ತಲಿ. ಸಣ್ಣ ಮಗ. ತನ್ನ ಗಡಿಯಾರ ಗಟ್ಟಿ ಹಿಡಕೊಂಡು, ಅಣ್ಣನ ಟಗರು ದಾನ ಮಾಡಿದ."