ಪಂಜರದ ಕುಸ್ತಿ ಮತ್ತು ಮಾಮಾನ ಭವಿಷ್ಯ

ಅಮೆರಿಕದಲ್ಲೋ ಬ್ರೆಜಿಲ್‌ನಲ್ಲೋ ಒಬ್ಬ ದಾಂಡಿಗ ಪಂಜರದೊಳಗೆ ಹಲ್ಲುದುರಿಸಿಕೊಂಡು ಬಿದ್ದನೆಂದರೆ, ಅದರಲ್ಲಿ ಏಕಸಂಬಿಯ ನಮ್ಮ ಮಾಮಾನ ಕೈವಾಡ ಇದ್ದೇ ಇರುತ್ತದೆ! ಹೊಡೆದವರು ಅವರಲ್ಲ. ಹಿಂದಿನ ಸಂಜೆ "ಇಂವಾ ಗೆಲ್ತಾನ" ಎಂದಿರುತ್ತಾರೆ, ಅಷ್ಟೇ.

ಮಾಮಾ ನನ್ನ ಅವ್ವನ ತಮ್ಮ. ಅವರ ಮಗನನ್ನೇ ಕಟ್ಟಿಕೊಂಡಿದ್ದರಿಂದ ಮಾವನೂ ಹೌದು. ಹೀಗಾಗಿ ಅವರ ಮೇಲಿನ ನನ್ನ ಸಿಟ್ಟೂ ಎರಡು ಪಟ್ಟು. ಹರೆಯದಲ್ಲಿ ಪೈಲ್ವಾನರಾಗಿದ್ದವರು. ಕುಸ್ತಿಯ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಎರಡೂ ಕಿವಿ ಕರಿದ ಸಂಡಿಗೆಯಂತಾಗಿವೆ. ಆ ಕಿವಿಗೆ "ಮಾಮಾ, ಹಾಲ ತರ್ರಿ" ಎಂದು ನಾನು ಒದರಿದ್ದು ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಪಂಜರದ ಬಾಗಿಲು ಮುಚ್ಚಿದ ಸದ್ದು ಮಾತ್ರ ಹಿತ್ತಲಲ್ಲಿದ್ದರೂ ಕೇಳಿಸುತ್ತದೆ!

ಗುದ್ದು, ಒದೆ, ಕುಸ್ತಿ ಎಲ್ಲ ಕಲಸಿದ ಆಟವದು. ತಂತಿಬಲೆಯೊಳಗೆ ಇಬ್ಬರನ್ನು ಬಿಟ್ಟು ಬಾಗಿಲು ಹಾಕುತ್ತಾರೆ. ಅದು ನಮ್ಮಲ್ಲಿ ಮೊಬೈಲಿಗೆ ಬರುವುದು ರವಿವಾರ ಮುಂಜಾನೆ. ಅದಕ್ಕೇ ಶನಿವಾರ ಸಂಜೆ ಊರಿನ ಉಡಾಳರೆಲ್ಲ ನಮ್ಮ ಕಟ್ಟೆಯ ಮೇಲೆ ಹಾಜರು. ಯಾರ ಮೇಲೆ ರೊಕ್ಕ ಹಚ್ಚಬೇಕೆಂದು ಮಾಮಾ ಹೇಳಬೇಕು. ಆ ಪಡೆಗೆಲ್ಲ ಚಹಾ ಕಾಯಿಸುವವರು ಯಾರು? ನಾನು!

ಮಾಮಾನ ಪರೀಕ್ಷೆಯೋ, ದನದ ಸಂತೆಯಲ್ಲಿ ಹೋರಿ ಕೊಳ್ಳುವವರ ಪರೀಕ್ಷೆ. ವಿಡಿಯೋ ನಿಲ್ಲಿಸಿ ಕುತ್ತಿಗೆ ನೋಡುವುದು, ಮೀನಖಂಡ ನೋಡುವುದು. ಮೈತುಂಬ ಹಚ್ಚೆ ಇದ್ದವನು ಕಂಡರೆ ಮುಗಿಯಿತು. "ಇಷ್ಟ ಚಿತ್ರಾ ಬರಸ್ಕೋತ ಕುಂತಾಂವ ತಾಲೀಮ ಯಾವಾಗ ಮಾಡ್ಯಾನ್ಲೇ?" ಮರುದಿನ ಆ ಚಿತ್ರದವನೇ ಗೆದ್ದು ಪಂಜರದ ಮೇಲೆ ಹತ್ತಿ ಕುಣಿಯುತ್ತಾನೆ! ಮಾಮಾ ಮಾತ್ರ ಸೋಲುವುದಿಲ್ಲ. "ಬಿದ್ದಾವನ್ನ ಹೊಡೀತಾರ. ಇದೇನ್ ಕುಸ್ತಿ ಏನ?" ಎಂದು ಆಟಕ್ಕೇ ಬೈಯುತ್ತಾರೆ.

ಒಮ್ಮೆ ನನ್ನ ಗಂಡ ಕೆಲಸಕ್ಕೆಂದು ಬೂಟು ಹಾಕಿಕೊಳ್ಳುತ್ತಿದ್ದರು. ಹಿಂದಿನ ದಿನ ನೋಡಿದ ಪಟ್ಟು ನೆನಪಾಗಿ ಮಾಮಾ ಮಗನ ಕಾಲು ಹಿಡಿದು ತಿರುವಿಬಿಟ್ಟರು. ಆ ಆಟದಲ್ಲಿ ಸೋಲೊಪ್ಪಿದವನು ಕೈ ತಟ್ಟಬೇಕಂತೆ. ಇವರು ನೆಲ ತಟ್ಟಿದರು, ಗೋಡೆ ತಟ್ಟಿದರು, ಕಡೆಗೆ ಅಪ್ಪನ ಬೋಳುತಲೆಯನ್ನೇ ತಟ್ಟಿದರು. ಮಾಮಾ ಬಿಡಲಿಲ್ಲ. "ಕೈ ತಟ್ಟಾಕ ಇದೇನ್ ಭಜನೀನೇನಲೇ?"

ನಾನು ಇದನ್ನೆಲ್ಲ ಸಹಿಸಿದೆ. ಸಹಿಸಲಾಗದ್ದು ಕೇಳಿದ್ದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮ ಕಟ್ಟೆಯ ಚಹಾ ಕುಡಿದ ಇಬ್ಬರು ನನಗೆ ಬೆನ್ನು ಹಾಕಿ ನಿಂತಿದ್ದರು.

"ಯಾರ ಗೆಲ್ತಾರಂದಾ ಆ ಪೈಲ್ವಾನ?"

"ಕೆಂಪ ಚಡ್ಡಿ."

"ಹಂಗಾರ ಕಣ್ಣ ಮುಚ್ಚಿ ನೀಲಿ ಚಡ್ಡಿಗ ಹಚ್ಚು!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನನಗೆ ಅಂಗಾಲಿನಿಂದ ನೆತ್ತಿಯತನಕ ಬೆಂಕಿ! ನಮ್ಮ ಹಾಲು, ನಮ್ಮ ಸಕ್ಕರೆ, ನಮ್ಮ ಮಾಮಾ, ನಗುವವರು ಇವರೇ?

ಮುಂದಿನ ಶನಿವಾರ ಅವರು ಬಂದು ಕುಳಿತರು. ನಾನು ಚಹಾದ ಬದಲು ಕಸಬರಿಗೆ ತಂದೆ. "ಏಳ್ರಿ! ಇನ್ನೊಮ್ಮಿ ಈ ಕಟ್ಟಿ ಹತ್ತಿದ್ರ ಕಾಲ ಮುರೀತೀನಿ!" ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲದೆ ಓಡಿದರು.

"ಮನಿಗಿ ಬಂದಾವ್ರಿಗಿ ಹಿಂಗ ಅಂತಾರೇನವಾ?" ಮಾಮಾ ನನ್ನ ಮೇಲೆಯೇ ಹರಿಹಾಯ್ದರು.

ತಡೆಯಲಾಗಲಿಲ್ಲ. "ಅವರೇನ ನಿಮ್ಮ ಮಾತ ನಂಬಿ ಬರ್ತಾರ ಅಂತ ತಿಳದೀರೇನ್ರಿ? ನೀವ ಹೇಳಿದ್ದರ ಉಲ್ಟಾ ಹಚ್ಚಾಕ ಬರ್ತಾರ!"

ಮಾಮಾ ಮೊಬೈಲ್ ಆರಿಸಿ ಪಕ್ಕಕ್ಕಿಟ್ಟರು. "ಗೊತ್ತೈತಿ ತಂಗಿ," ಎಂದರು. "ಕೇಳಾಕಾದ್ರೂ ಬರ್ತಿದ್ರಲ್ಲ."

ನನಗೋ ಸಿಟ್ಟು ಇನ್ನೂ ಹೆಚ್ಚಾಯಿತು. ಆ ಉಡಾಳರ ಮೇಲೆ, ಗೊತ್ತಿದ್ದೂ ಸುಮ್ಮನಿದ್ದ ಈ ಮನುಷ್ಯನ ಮೇಲೆ, ಆ ಹಾಳು ಪಂಜರದ ಮೇಲೆ!

ಮರುದಿನ ಮುಂಜಾನೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಜೋರಾಗಿಯೇ ಬಡಿಯುತ್ತಿದ್ದೆ. ಮಾಮಾ ಮೆಲ್ಲಗೆ ಬಂದು ಪಕ್ಕದಲ್ಲಿ ಕುಳಿತು ಮೊಬೈಲ್ ಹಿಡಿದರು.

"ಇಬ್ಬರಾಗ ಯಾವಾಂವ ಗೆಲ್ತಾನ, ನೀ ಹೇಳ ನೋಡೂಣು."

ಸರಿಯಾಗಿ ನೋಡದೆಯೇ "ಆ ಗಿಡ್ಡಾಂವ" ಎಂದೆ.

ಆಟ ಶುರುವಾಯಿತು. ಓರೆಗಣ್ಣಿನಲ್ಲಿ ನೋಡುತ್ತಿದ್ದವಳು ಯಾವಾಗ ಪೂರಾ ತಿರುಗಿ ಕುಳಿತೆನೋ ತಿಳಿಯದು. ನನ್ನ ಗಿಡ್ಡನಿಗೆ ದವಡೆಯ ಮೇಲೆ ಒಂದು ಬಿತ್ತು. ಕೊಡ ಉರುಳಿದಂತೆ ಉರುಳಿದ. "ಏಳೋ! ಏಳೋ ಯಪ್ಪಾ!" ಎಂದು ಚೀರಿದೆ. ಅವನು ಏಳಲಿಲ್ಲ. ಅತ್ತ ರೊಟ್ಟಿ ಸೀದುಹೋಯಿತು. ಇತ್ತ ನನ್ನ ಕಣ್ಣಲ್ಲಿ ನೀರು ಒಂದೇ ಸಮನೆ ಸುರಿಯತೊಡಗಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಹಿಟ್ಟು.

ಮಾಮಾ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಣ್ಣು ಒರೆಸಿದರು. ಬಳಿಕ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದರು.

"ಅಳಬ್ಯಾಡ ನನ್ನವ್ವ. ಎದ್ದಾನ ನೋಡ. ಹೊಡದಾಂವನೇ ಕೈಹಿಡದ ಎಬ್ಸ್ಯಾನ, ನೋಡ."