ಸೊನ್ನೆ ಸಾಲಿನ ಭಾಷಣ

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವರಿಗೆ ಒಂದು ರೋಗವಿರುತ್ತದೆ. ಯಾರು ಏನೇ ಹೇಳಲಿ, "ಇದಕ್ಕೆ ಆಧಾರವೇನು?" ಎಂದು ಕೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಹೊಸಪೇಟೆಯ ಏಪ್ರಿಲ್ ಬಿಸಿಲಲ್ಲಿ ಪಕ್ಕದ ಮನೆಯವರು "ಇವತ್ತು ಭಾಳ ಸೆಕಿ" ಎಂದರೆ, "ನಿನ್ನೆಗಿಂತಲೋ, ವಾಡಿಕೆಗಿಂತಲೋ?" ಎಂದು ಕೇಳಿ ಬೈಸಿಕೊಂಡವಳು ನಾನು. ನೆಂಟರು ಹಂಪಿ ನೋಡಿ ಬಂದು, ಬೀದಿಯಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರಂತೆ ಎಂದು ಬೆರಗಾದರೆ, ಆ ಸೇರು ಎಲ್ಲಿದೆ ಎಂದು ಕೇಳಿ ಅವರ ಪ್ರವಾಸದ ಖುಷಿ ಕೆಡಿಸಿದ್ದೂ ಉಂಟು. ಇಂಥವಳ ಕೈಗೆ ನಮ್ಮವ್ವ ತನ್ನ ಜೀವಮಾನದ ಮೊದಲ ಭಾಷಣವನ್ನು ಕೊಟ್ಟಳು.

ಅವ್ವ ಯಶವಂತನಗರದಲ್ಲಿ ಗಣಿ ಕೆಲಸಗಾರರ ದವಾಖಾನೆಯೊಂದರ ನರ್ಸು. ಬೆಳಿಗ್ಗೆ ಬಿಳಿ ಸೀರೆ ಉಟ್ಟು ಬಸ್ಸು ಹತ್ತಿದವಳು ಸಂಜೆ ಕೆಂಪು ಸೀರೆಯಲ್ಲಿ ಇಳಿಯುತ್ತಿದ್ದಳು. ಅದಿರು ಲಾರಿಗಳ ಧೂಳು ಯಾವ ಸಾಬೂನಿಗೂ ಜಗ್ಗಿದ್ದಲ್ಲ. ಈಗ ನಿವೃತ್ತಿ. ಬೀಳ್ಕೊಡುಗೆಯ ದಿನ ಮಾತಾಡಲು ಐದು ನಿಮಿಷ ಕೊಟ್ಟಿದ್ದರು. ಅದಕ್ಕಿಂತ ಎಳೆದರೆ ಕೆಲಸಗಾರರ ಬಸ್ಸು ಹೊರಟುಬಿಡುತ್ತದೆ, ಅವಳು ಯಾರಿಗೆ ಹೇಳಬೇಕೆಂದಿದ್ದಳೋ ಅವರೇ ಇರುವುದಿಲ್ಲ. ಅವ್ವನಿಗೆ ಇದ್ದ ಭಯ ಅದೊಂದೇ. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆದು ನನಗೆ ಕಳಿಸಿ, "ಐದು ನಿಮಿಷದಾಗ ಮುಗೀತೈತೇನು ನೋಡವ್ವಾ" ಎಂದಳು.

ಭಾಷಣವನ್ನು ಓದಬಹುದಿತ್ತು. ಆದರೆ ಓದುವುದು ಅಭಿಪ್ರಾಯ, ಎಣಿಸುವುದು ಆಧಾರ. ಆದ್ದರಿಂದ ಅದನ್ನು ಹಾಗೇ ಒಂದು ಫೈಲಿಗೆ ಹಾಕಿ, ಸಾಲು ಮತ್ತು ಅಕ್ಷರಗಳನ್ನು ಎಣಿಸುವ ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟು ಬರೆದೆ. ಕೀಲಿ ಒತ್ತಿದೆ. ಉತ್ತರ ಬಂತು: ಸಾಲು, ಸೊನ್ನೆ.

"ಸೊನ್ನಿ?" ಅವ್ವ ಕನ್ನಡಕ ಏರಿಸಿದಳು. "ವಾರಗಟ್ಲೆ ಕಣ್ಣು ಕೆಡಿಸ್ಕೊಂಡು ಬರ್ದೀನಿ, ಸೊನ್ನೀನಾ?"

"ನೀನು ಎಲ್ಲೂ ಎಂಟರ್ ಒತ್ತಿ ಸಾಲು ಮುರಿದಿಲ್ಲ ಅವ್ವಾ. ಒಂದೇ ಉಸುರಿಗೆ ಬರ್ದೀ. ಮುರಿದದ್ದನ್ನ ಮಾತ್ರ ಇದು ಎಣಿಸ್ತದ."

ಪೇಪರಿನ ಹಿಂದಿನಿಂದ ಅಪ್ಪನ ದನಿ: "ಆಕಿ ಮಾತಾಡೂದೂ ಹಂಗ. ಮಧ್ಯ ಎಲ್ಲೂ ಮುರಿಯಾಂಗಿಲ್ಲ."

"ನೀವ್ ಸುಮ್ಕ ಕುಂದ್ರಿ!"

ಅಕ್ಷರಗಳ ಲೆಕ್ಕ ಇನ್ನೂ ಘೋರವಾಗಿತ್ತು. ನಿಮಿಷಕ್ಕೆ ಇಷ್ಟು ಅಕ್ಷರ ಎಂಬ ನನ್ನ ಸೂತ್ರದ ಪ್ರಕಾರ ಭಾಷಣ ಒಂಬತ್ತು ನಿಮಿಷ. "ಕೊನೆಯ ಅರ್ಧ ಕತ್ತರಿಸಬೇಕು" ಎಂದು ತೀರ್ಪು ಕೊಟ್ಟೆ. ಅವ್ವ ಒಪ್ಪಲಿಲ್ಲ. ಸ್ಕ್ರಿಪ್ಟನ್ನೇ ಪಾಟೀಸವಾಲಿಗೆ ನಿಲ್ಲಿಸಿದಳು. "'ಸ್ತ್ರೀ' ಅನ್ನೂದು ಎಷ್ಟು ಅಕ್ಷರ ಅಂತೈತಿ, ಕೇಳು."

ಕೇಳಿದೆ. ಆರು ಎಂದಿತು. ಒತ್ತು, ದೀರ್ಘ ಎಲ್ಲವನ್ನೂ ಬಿಡಿಸಿ ಬೇರೆಬೇರೆಯಾಗಿ ಎಣಿಸಿತ್ತು.

"ಬಾಯಾಗ ಒಂದ ಸಲಕ್ಕ ಬರ್ತೈತಿ. ನಿನ್ನ ಮಿಷನ್ನು ಆರು ಸಲ ಬಾಯಿ ತೆಗೀತೈತೇನು?" ಎಂದವಳೇ ಎದ್ದು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. "ಇದೆಲ್ಲ ಬ್ಯಾಡ. ಬಾ, ರೊಟ್ಟಿ ಹಚ್ಚೂಣು."

ರೊಟ್ಟಿ ಎಂದದ್ದೇ ತಡ, ನಾನು ಹೈಸ್ಕೂಲಿನ ದಿನಗಳಿಗೆ ಹೋಗಿಬಿಟ್ಟೆ. ಆಗ ನನ್ನ ಭಾಷಣಗಳಿಗೆ ಗಡಿಯಾರವೆಂದರೆ ಅವ್ವನ ಹಂಚು. ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು, ನಾನು ಬಾಗಿಲ ಚೌಕಟ್ಟಿಗೆ ಆತು ನಿಂತು "ವಿಜ್ಞಾನ ವರವೋ ಶಾಪವೋ" ಎಂದು ಗುಡುಗುತ್ತಿದ್ದೆ. ನಾಲ್ಕು ರೊಟ್ಟಿ ಬೆಂದರೆ ಐದು ನಿಮಿಷ. "ಎರಡು ಬೆಂದ್ವು, ನೀ ಇನ್ನ ಮಾನ್ಯ ಅಧ್ಯಕ್ಷರನ್ನ ದಾಟಿಲ್ಲ" ಎಂದು ನಡುವೆ ಎಚ್ಚರಿಕೆಯ ಗಂಟೆ ಬಾರಿಸುತ್ತಿದ್ದಳು. ಗೋಡೆಯ ಮೇಲೆ ಗಡಿಯಾರ ಇತ್ತಲ್ಲ ಎಂದು ನಾನು ಕೇಳದೆ ಬಿಟ್ಟೇನೆಯೇ? ಕೇಳಿದ್ದೆ. "ಗಡಿಯಾರ ಟೈಮಷ್ಟ ಹೇಳ್ತೈತಿ. ಭಾಷಣ ಚಲೋ ಇದ್ರ ನಾ ರೊಟ್ಟಿ ತಿರುವಾಕೋದು ಮರೀತೀನಿ. ಸೀದ್ರ ಗೆದ್ದಂಗ, ತಿಳ್ಕೋ" ಎಂದಿದ್ದಳು. ಕಂಪ್ಲಿಯ ಸ್ಪರ್ಧೆಯ ಹಿಂದಿನ ಸಂಜೆ ಒಂದು ರೊಟ್ಟಿ ಇದ್ದಿಲಾಗಿತ್ತು. ಅಪ್ಪ ಗೊಣಗುತ್ತಲೇ ಅದನ್ನು ತಿಂದರು. ಮರುದಿನ ನಾನು ಗೆದ್ದುಬಂದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ವಾದಿಸಲು ನಾನು ಇವತ್ತಿಗೂ ಸಿದ್ಧಳಿದ್ದೇನೆ. ಆದರೆ ಆ ವಾಸನೆ ಬಂದಾಗಲೆಲ್ಲ ನನಗೆ ಚಪ್ಪಾಳೆ ಕೇಳಿಸುತ್ತದೆ, ಅದಕ್ಕೇನು ಮಾಡಲಿ?

ಈ ಸಲ ಜಾಗ ಅದಲುಬದಲು. ಹಿಟ್ಟಿನ ಮುಂದೆ ನಾನು, ಚೌಕಟ್ಟಿಗೆ ಆತು ಅವ್ವ, ಕೈಯಲ್ಲಿ ಫೋನು. ಅವಳು "ಎಲ್ಲಾರಿಗೂ ನಮಸ್ಕಾರ್ರೀ" ಎನ್ನುವಷ್ಟರಲ್ಲಿ ನನ್ನ ಮೊದಲ ರೊಟ್ಟಿ ಹರಿಯಿತು. ಎರಡನೆಯದು ತುಂಗಭದ್ರೆಯ ಹಿನ್ನೀರಿನ ನಕಾಶೆಯಂತೆ ಎಲ್ಲೆಲ್ಲೋ ಚಾಚಿಕೊಂಡಿತು. ಮೂರನೆಯದನ್ನು ಹೇಗೋ ಹಂಚಿಗೆ ಹಾಕಿ ಗೆದ್ದೆ ಎಂದುಕೊಳ್ಳುತ್ತಿದ್ದೆ. ಆಗ ಅವ್ವ, ನಾನು ಓದದೆಯೇ ಕತ್ತರಿಸಹೊರಟಿದ್ದ ಆ ಕೊನೆಯ ಅರ್ಧಕ್ಕೆ ಬಂದಳು.

"ರಜಾದಾಗ ನನ್ನ ಮಗಳನ್ನ ದವಾಖಾನಿಗೆ ಕರ್ಕೊಂಡು ಬರ್ತಿದ್ದೆ. ನೀವು ದೊಡ್ಡ ದೊಡ್ಡ ಗಾಡಿ ಓಡ್ಸೋರು, ಸೂಜಿ ಕಂಡ್ರ ಮಕ್ಕಳಂಗ ಹೆದರ್ತಿದ್ರಿ. ಆಕಿ ಸ್ಟೂಲ್ ಮ್ಯಾಲ ಕುಂತು ನಿಮ್ ಕೂಡ ವಾದಕ್ಕ ಬೀಳ್ತಿದ್ಲು. 'ಲಾರಿ ದೊಡ್ದೋ ಆನಿ ದೊಡ್ದೋ?' ಅಂತ. ನೀವು ಜಗಳಾ ಆಡೋದ್ರಾಗ ನಾ ಸೂಜಿ ಹಾಕಿ ತೆಗ್ದಿರ್ತಿದ್ದೆ. ಆಕಿಗೆ ವಾದ ಮಾಡಾಕ ಕಲ್ಸಿದೋರು ನೀವು. ಅದನ್ನ ಹೇಳಾಕ ಇಷ್ಟು ವರ್ಷ ಟೈಮ್ ಸಿಕ್ಕಿದ್ದಿಲ್ಲ. ಇವತ್ತು ಹೇಳ್ತೀನಿ."

ಆ ಸ್ಟೂಲು ನೆನಪಾಯಿತು. ಒಂದು ಕಾಲು ಗಿಡ್ಡ. ಸ್ಪಿರಿಟ್ಟಿನ ವಾಸನೆ, ಕೆಂಪು ಹುಬ್ಬಿನ ಡ್ರೈವರ್ ಮಾಮ ಒಬ್ಬರು ನನಗೇ ಸೋತು "ಆನೀನ ದೊಡ್ದು ಬಿಡವ್ವಾ" ಎಂದದ್ದು. ನನ್ನ ವಾದಕಲೆಯ ಮೂಲ ಶಾಲೆಯ ಗ್ರಂಥಾಲಯ ಎಂದು ಎಷ್ಟು ವೇದಿಕೆಗಳಲ್ಲಿ ಹೇಳಿಕೊಂಡಿಲ್ಲ ನಾನು!

"ಏನಲೇ ಅದು, ಸೀದ ವಾಸನಿ?" ಅಪ್ಪ ಪೇಪರ್ ಹಿಡಿದುಕೊಂಡೇ ಬಂದರು. ಇನ್ನೊಂದು ಕೈಯಲ್ಲಿ ವಾಚಿತ್ತು. "ಐದು ನಿಮಿಷಕ್ಕ ಇನ್ನ ಚೂರು ಕಮ್ಮಿ. ಬಸ್ಸಿನ ಮಂದಿಗೆಲ್ಲಾ ಕೇಳಿಸ್ತೈತಿ."

ಹಂಚಿನ ಮೇಲೆ ನನ್ನ ಮೂರನೆಯ ರೊಟ್ಟಿ ಹೊಗೆಯಾಡುತ್ತಿತ್ತು. ಅವ್ವ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ನಕ್ಕಳು. "ಹಂಗಾರ ಏನೂ ಕತ್ತರಿಸೂದು ಬ್ಯಾಡ."

ಮೂವತ್ತು ಸೆಕೆಂಡಿನೊಳಗೆ ಪ್ರತಿವಾದ ಹೂಡಬಲ್ಲವಳೆಂದು ಕಪ್ ಗೆದ್ದವಳು ನಾನು. ಈ ಸಲ ಪ್ರತಿವಾದ ಬಿಟ್ಟು ಸೀದ ರೊಟ್ಟಿಯನ್ನು ಹಂಚಿನಿಂದ ಎತ್ತಿದೆ. ಯಂತ್ರ ಏನೇ ಹೇಳಿರಲಿ, ಕತ್ತರಿಸಬೇಕಾದದ್ದು ಸೊನ್ನೆ. ಅಪ್ಪ ಪೇಪರ್ ಬದಿಗಿಟ್ಟು ತಟ್ಟೆ ಮುಂದೆ ಚಾಚಿದರು, ಹಳೆಯ ಅಭ್ಯಾಸ. ನಾನು ಕೊಡಲಿಲ್ಲ. ಆ ಕರಕನ್ನು ಪೂರ್ತಿ ನಾನೇ ತಿಂದೆ.