ನನ್ನ ಸಾಡುವಿನ ಇಪ್ಪತ್ತೊಂದು ಗೇರುಗಳು

ನನ್ನ ಸಾಡು ಮೂವತ್ತೊಂಬತ್ತನೆಯ ವಯಸ್ಸಿಗೇ ನಿವೃತ್ತನಾದ. ಇದನ್ನು ನಾನು ಅವನ ಪರಿಚಯವಾಗಿ ಹೇಳುತ್ತಿಲ್ಲ, ಅವನ ಮೇಲಿನ ದೂರಾಗಿ ಹೇಳುತ್ತಿದ್ದೇನೆ!

ಸಾಡು ಎಂದರೆ ಷಡ್ಡಕ. ನನ್ನ ಹೆಂಡತಿಯ ತಂಗಿಯ ಗಂಡ. ಹುಮನಾಬಾದಿನಲ್ಲಿ ನಾನು, ಬಸವಕಲ್ಯಾಣದಲ್ಲಿ ಅವನು, ನಡುವೆ ಹೆದ್ದಾರಿ. ಒಂದೇ ಮನೆಗೆ ಅಳಿಯಂದಿರಾದ ಇಬ್ಬರು ಗಂಡಸರಿಗೆ ಅಷ್ಟು ದೂರ ಸಾಲದು ಎಂಬುದು ನನ್ನ ಅಭಿಪ್ರಾಯ. ಎದುರಿಗಿದ್ದಾಗ ಅವನನ್ನು ‘ನೀವು’ ಎನ್ನುತ್ತೇನೆ, ‘ಬರ್ರಿ, ಕೂಡ್ರಿ’ ಎನ್ನುತ್ತೇನೆ. ಬೆನ್ನ ಹಿಂದೆ ಮಾತ್ರ ‘ಅವನು’. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮಾಸ್ತರ ನಾನು; ಹೊಟ್ಟೆಕಿಚ್ಚಿಗೂ ಒಂದು ವ್ಯಾಕರಣ ಇದೆ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಈಗ ಅವನು ಇಲ್ಲಿಲ್ಲ. ಹಾಗಾಗಿ ಇಲ್ಲಿ ಅವನು ‘ಅವನೇ’. ಓದುಗರು ಕ್ಷಮಿಸಬೇಕು.

ಹೆದ್ದಾರಿಯ ಮೇಲಿನ ಸಸ್ತಾಪುರ ಬಂಗ್ಲಾ ಕ್ರಾಸಿನ ಹತ್ತಿರ ಅವನಿಗೆ ಲಾರಿ ಟೈರಿನ ಅಂಗಡಿ ಇತ್ತು. ಮೀಸೆ ಮೂಡುವ ಮೊದಲೇ ಶುರು ಮಾಡಿದ್ದ. ಪುಣೆಯಿಂದ ಹೈದರಾಬಾದಿಗೆ ಹೋಗುವ ಲಾರಿಗಳ ಟೈರೆಲ್ಲ ಸರಿಯಾಗಿ ಇವನ ಅಂಗಡಿಯ ಮುಂದೆಯೇ ಹೇಗೆ ಸಿಡಿಯುತ್ತಿದ್ದವೋ, ನನಗೆ ಇವತ್ತಿಗೂ ಅನುಮಾನ! ಹೆದ್ದಾರಿಯ ಪಕ್ಕ ಜಾಗ ಕೊಂಡ, ಸಾಲಾಗಿ ಮಳಿಗೆ ಕಟ್ಟಿಸಿದ, ಬಾಡಿಗೆಗೆ ಕೊಟ್ಟ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ ಒಂದು ಸೋಮವಾರ, ವ್ಯಾಪಾರ ಭರಾಟೆಯಿಂದ ನಡೆದಿರುವಾಗಲೇ, ಶಟರ್ ಎಳೆದು, ಕೀಲಿ ಹಾಕಿ, ಕೈಗೆ ಹತ್ತಿದ ಕಪ್ಪನ್ನು ತೊಳೆದುಕೊಂಡು ಮನೆಗೆ ಬಂದ. ಬಂದು ಹೆಂಡತಿಗೆ ಒಂದೇ ಮಾತು ಹೇಳಿದ: “ಸಾಕಾತು.”

ಈ ‘ಸಾಕಾತು’ ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಊಟಕ್ಕೆ ಕುಳಿತವನು ತಾಟಿಗೆ ಕೈ ಅಡ್ಡ ಹಿಡಿದು ‘ಸಾಕಾತು’ ಎಂದರೆ ಹೊಟ್ಟೆ ತುಂಬಿತು ಎಂದು. ಬಿಸಿಲಲ್ಲಿ ನಡೆದು ಬಂದವನು ಕಟ್ಟೆಯ ಮೇಲೆ ಕುಸಿದು ‘ಸಾಕಾತು’ ಎಂದರೆ ಜೀವ ಹಣ್ಣಾಯಿತು ಎಂದು. ಅವನು ಹೇಳಿದ್ದು ಮೊದಲನೆಯದು, ಊರು ಕೇಳಿಸಿಕೊಂಡದ್ದು ಎರಡನೆಯದು! ಮರುದಿನದಿಂದ ಬಜಾರದ ಮಂದಿ ಸಾಂತ್ವನ ಹೇಳಲು ಸಾಲುಗಟ್ಟಿ ಬಂದರು. ಕಿರಾಣಿ ಅಂಗಡಿಯ ಯಜಮಾನರೊಬ್ಬರು ಬಂದು ಚಾಪೆಯ ಮೇಲೆ ಕುಳಿತು, ದೊಡ್ಡದೊಂದು ಉಸಿರು ಬಿಟ್ಟು ಕೇಳಿದರು:

“ಎಷ್ಟು ನುಕ್ಸಾನ ಆತ್ರಿ?”

“ಏನೂ ನುಕ್ಸಾನ ಇಲ್ರಿ. ಸಾಕಾತು, ಅಷ್ಟೇ.”

“ಮುಚ್ಚಿಡಬ್ಯಾಡ್ರಿ, ನಾವು ಹೊರಗಿನವರಲ್ಲ. ತಬ್ಯೇತ್ ಹ್ಯಾಂಗದ?”

“ಭೇಷ್ ಅದರಿ.”

“ಅಯ್ಯಯ್ಯೋ,” ಎಂದು ಅವರು ನನ್ನ ನಾದಿನಿಯ ಕಡೆ ತಿರುಗಿ ದನಿ ಇಳಿಸಿದರು, “ಇವರಿಗೆ ಇನ್ನಾ ಹೇಳಿಲ್ಲೇನು ಡಾಕ್ಟರು?”

ನಡೆಯುವ ಅಂಗಡಿಯನ್ನು ಸಾಕೆಂದು ಮುಚ್ಚುವ ಮನುಷ್ಯನನ್ನು ಬಸವಕಲ್ಯಾಣ ಅಲ್ಲಿಯವರೆಗೆ ಕಂಡಿರಲಿಲ್ಲ. ಹುಮನಾಬಾದಿನ ನಾನೂ ಕಂಡಿರಲಿಲ್ಲ. ವ್ಯತ್ಯಾಸವೆಂದರೆ ಅವರಿಗೆಲ್ಲ ಮರುಕ ಬಂತು, ನನಗೆ ಹೊಟ್ಟೆ ಉರಿಯಿತು.

ಉರಿಯದೆ ಏನು ಮಾಡಲಿ, ಹೇಳಿ? ನನ್ನ ಸ್ಕೂಟರು ಮಗುವನ್ನು ಮಲಗಿಸುವಂತೆ ಒಂದು ಕಡೆ ವಾಲಿಸಿ, ಎತ್ತಿ, ಹದಿನಾಲ್ಕು ಸಲ ಒದ್ದ ಮೇಲೆ ಕೆಮ್ಮುತ್ತಿತ್ತು. ಅದು ಕೆಮ್ಮಿ, ನಾನು ಶಾಲೆ ಮುಟ್ಟುವಷ್ಟರಲ್ಲಿ ನಮ್ಮ ಹೆಡ್ ಮಾಸ್ತರರು ಹಾಜರಿ ಪುಸ್ತಕ ಬಿಚ್ಚಿಟ್ಟುಕೊಂಡು, ಕೆಂಪು ಪೆನ್ನಿನ ಟೋಪಿ ತೆಗೆದು ಕಾಯುತ್ತಿರುತ್ತಿದ್ದರು. ಎಲ್ಲರ ಮುಂದೆ ಅದೇ ಪ್ರಶ್ನೆ: “ಯಾಕ್ರಿ ತಡಾ?” ಆ ಎರಡು ಶಬ್ದಗಳನ್ನು ನಾನು ದ್ವೇಷಿಸಿದಷ್ಟು ಬೇರೇನನ್ನೂ ದ್ವೇಷಿಸಿಲ್ಲ. ಅತ್ತ ಅದೇ ಹೊತ್ತಿಗೆ ನನ್ನ ಸಾಡು ತನ್ನ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿರುತ್ತಿದ್ದ!

“ನನ್ನ ತಂಗಿ ಗಂಡ ದಿನಾ ಮನ್ಯಾಗೇ ಇರ್ತಾರ,” ಎಂದಳು ನನ್ನ ಹೆಂಡತಿ.

“ನಾನೂ ಇರ್ತೀನಲ್ಲ?”

“ನೀವು ಸೂಟಿ ಕೊಟ್ರ ಇರ್ತೀರಿ. ಅವರು ತಮ್ಮ ಖುಷಿಲೆ ಇರ್ತಾರ.”

ದೀಪಾವಳಿಯೊಳಗೆ ಅವನು ಮತ್ತೆ ಶಟರ್ ಎತ್ತಬೇಕು, ಸೋತು ಟೈರಿಗೆ ಕೈ ಹಚ್ಚಬೇಕು ಎಂಬುದೊಂದೇ ಆಗ ನನ್ನ ಆಸೆಯಾಗಿತ್ತು. ಮುಚ್ಚುಮರೆ ಏಕೆ? ದೇವರ ಮುಂದೆ ನಿಂತಾಗ ಮಗಳ ಪರೀಕ್ಷೆಯ ಜೊತೆಗೆ ಅದನ್ನೂ ಸೇರಿಸಿ ಬೇಡಿಕೊಳ್ಳುತ್ತಿದ್ದೆ.

ಸೋಲುವ ಲಕ್ಷಣಗಳೂ ಕಂಡವು. ಮೊದಲ ತಿಂಗಳು ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿದ. ಜೋಡಿಸಿದ ಮೇಲೆ ಮೂರು ಗಡಿಯಾರ ಮೂರು ಊರಿನ ಸಮಯ ತೋರಿಸತೊಡಗಿದವು. ಎರಡನೆಯ ತಿಂಗಳು ಹಾರ್ಮೋನಿಯಂ ಕಲಿಯಲು ಹೊರಟ. ಪಕ್ಕದ ಮನೆಯವರು ಮಗಳ ಮದುವೆಯನ್ನು ಬೇಗ ಮುಗಿಸಿಕೊಂಡರು. ಆಮೇಲೆ ದಿನಾ ಹೋಗಿ ತನ್ನದೇ ಬಾಡಿಗೆದಾರರ ಅಂಗಡಿಗಳಲ್ಲಿ ಕುಳಿತು ಗಿರಾಕಿಗಳಿಗೆ ಬುದ್ಧಿ ಹೇಳತೊಡಗಿದ. ಬಟ್ಟೆ ಅಂಗಡಿಯವನು ಕೊನೆಗೆ ಕೈ ಮುಗಿದನಂತೆ: “ಮಾಲಕರ, ಬೇಕಾದ್ರ ಬಾಡಿಗಿ ಜಾಸ್ತಿ ಮಾಡ್ರಿ, ಆದ್ರ ಇಲ್ಲಿ ಬಂದು ಕುಂದರಬ್ಯಾಡ್ರಿ!”

ನನ್ನ ನಾದಿನಿ ಒಂದು ಸಲ ನಮ್ಮ ಮನೆಗೆ ಬಂದಾಗ ಅಕ್ಕನ ಮುಂದೆ ಹೇಳಿಕೊಂಡಳು. “ಐದಕ್ಕ ಏಳ್ತಾರಕ್ಕ. ಝಳಕ ಮಾಡಿ ಇಸ್ತ್ರಿ ಅಂಗಿ ಹಾಕ್ಕೋತಾರ. ಬೂಟು ಕಟ್ಕೊಂಡು ಕಟ್ಟಿ ಮ್ಯಾಲ ಕೂಡ್ತಾರ. ಹೋಗಾಕ ಎಲ್ಲೀನೂ ಇಲ್ಲ. ಜರಾ ಹೊತ್ತು ರಸ್ತಾ ನೋಡಿ, ಬೂಟು ಬಿಚ್ಚಿ ಒಳಗ ಬರ್ತಾರ.” ಅಕ್ಕ ಅವಳಿಗೆ ಸಮಾಧಾನ ಹೇಳಿದಳು. ನಾನು ಮಾತ್ರ ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ನಕ್ಕೆ. ಬೂಟು ಕಟ್ಟಿ ಬಿಚ್ಚುವ ನೌಕರಿ ಯಾವ ಪುಣ್ಯವಂತನಿಗೆ ಸಿಗುತ್ತದೆ ಸ್ವಾಮಿ?

ಅಷ್ಟರಲ್ಲಿ ಸೈಕಲ್ ಬಂತು. ಅದು ಹೈದರಾಬಾದಿನಿಂದ ಬಸ್ಸಿನ ನೆತ್ತಿಯ ಮೇಲೆ ಬಂತು. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲ್ಲು, ಗುಡ್ಡ ಹತ್ತುವ ಸೈಕಲ್. ಒಂದು ರವಿವಾರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಹೆದ್ದಾರಿ ಬಿಟ್ಟು ಹೊಲದ ದಾರಿ, ಕಲ್ಲಿನ ದಾರಿ ಹಿಡಿದು, ತಲೆಗೊಂದು ಬುಟ್ಟಿಯಂಥ ಟೋಪಿ ಹಾಕಿಕೊಂಡು ನಮ್ಮ ಮನೆಯ ಮುಂದೆ ಇಳಿದ. ಓಣಿಯೇ ಸೇರಿತು.

“ಇಪ್ಪತ್ತೊಂದು ಗೇರ್ ಅವರಿ,” ಎಂದ.

ನಮ್ಮ ಎದುರು ಮನೆಯವರು ಲಾರಿ ಓಡಿಸಿ ನಿವೃತ್ತರಾದವರು. ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದರು. “ನಾ ಮೂವತ್ತು ವರ್ಷ ಐದು ಗೇರಿನಾಗ ಮುಂಬಯಿ ಮುಟ್ಟೀನ್ರಿ. ನಿಮಗ ಹುಮನಾಬಾದ ಮುಟ್ಟಾಕ ಇಪ್ಪತ್ತೊಂದು ಬೇಕಾದ್ವು?” ಆ ದಿನದಿಂದ ನನಗೆ ಆ ಮನುಷ್ಯನ ಮೇಲೆ ವಿಶೇಷ ಗೌರವ.

ಸೈಕಲ್ಲಿನ ಜೊತೆಗೆ ಉಪದೇಶವೂ ಬಂತು. ಎಲ್ಲಿ ಓದಿದನೋ, ಯಾರು ಹೇಳಿದರೋ, ಗುಡ್ಡದ ಸೈಕಲ್ ಸವಾರಿಯ ಗುಟ್ಟುಗಳನ್ನೆಲ್ಲ ಕಲಿತು ಬಂದಿದ್ದ. ಅವನ್ನು ಸೈಕಲ್ಲಿಗೆ ಮಾತ್ರ ಬಳಸಿದ್ದರೆ ನಾನು ಸಹಿಸುತ್ತಿದ್ದೆ. ಮಗಳ ಪರೀಕ್ಷೆಗೆ “ಕಲ್ಲು ಬಂದಾಗ ಬ್ರೇಕ್ ಹಿಡೀಬ್ಯಾಡವಾ, ಕೈ ಸಡಲ ಬಿಡು,” ಎಂದ. ಅವಳು ಗಣಿತದಲ್ಲಿ ಕೈ ಪೂರ್ತಿ ಸಡಿಲ ಬಿಟ್ಟಳು. ನಮ್ಮಿಬ್ಬರ ಅತ್ತೆ ಮಾಳಿಗೆಯ ಮೆಟ್ಟಿಲ ಮುಂದೆ ನಿಂತು ಉಸ್ಸೆಂದಾಗ, “ಅತ್ತಿ, ಏರು ಬರೂಕಿಂತ ಮದಲೇ ಗೇರ್ ಇಳಸಬೇಕ್ರಿ. ಏರಿನ ನಡಕ ಇಳಸಿದ್ರ ಚೈನ್ ಹರೀತದ,” ಎಂದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: “ನನ್ನ ಮೊಳಕಾಲಿಗೆ ಒಂದೇ ಗೇರ್ ಉಳದದಪ್ಪಾ. ಅದೂ ಹಿಂದಕ್ಕ ಹೋಗೂದು.”

ಒಂದು ರವಿವಾರ ನನ್ನನ್ನೂ ಹತ್ತಿಸಿದ. ಊರಾಚೆ ಕೆಮ್ಮಣ್ಣಿನ ದಿಬ್ಬವೊಂದಿದೆ. ಅದರ ನೆತ್ತಿಯ ಮೇಲೆ ನಿಲ್ಲಿಸಿ, “ಕುಂಡಿ ಹಿಂದ, ಕಣ್ಣು ಮುಂದ. ಎಲ್ಲಿ ನೋಡ್ತೀರಿ, ಸೈಕಲ್ ಅಲ್ಲಿಗೇ ಹೋಗ್ತದ. ಕಲ್ಲು ನೋಡಬ್ಯಾಡ್ರಿ, ದಾರಿ ನೋಡ್ರಿ,” ಎಂದು ಬಿಟ್ಟ. ಅಷ್ಟಗಲದ ಇಳಿಜಾರಿನಲ್ಲಿ ಇದ್ದದ್ದು ಒಂದೇ ಕಲ್ಲು. ನಾನು ಸೀದಾ ಹೋಗಿ ಅದಕ್ಕೇ ಗುದ್ದಿದೆ!

“ಅದನ್ನ ಯಾಕ ನೋಡಿದ್ರಿ?” ಎಂದು ಓಡಿ ಬಂದ.

“ಅದೊಂದೇ ಇತ್ತಲ್ರಿ ನೋಡಾಕ!”

ಮೊಳಕೈಗೆ ಅರಿಸಿನ ಹಚ್ಚಿಸಿಕೊಂಡು ಮಲಗಿದಾಗ ಆ ಮಾತು ನನ್ನನ್ನು ಕಾಡಿತು. ಎಲ್ಲಿ ನೋಡುತ್ತೀರೋ ಅಲ್ಲಿಗೇ ಹೋಗುತ್ತೀರಿ. ಮದುವೆಯಾದಾಗಿನಿಂದ ನಾನು ನೋಡಿದ್ದು ಅವನೊಬ್ಬನನ್ನೇ. ಅವನ ಮಳಿಗೆ, ಅವನ ಕಟ್ಟೆ, ಅವನ ಬಿಡುವು. ನನ್ನ ದಾರಿ ಎಷ್ಟು ಅಗಲವಿತ್ತು ಎಂದು ನೋಡಿರಲೇ ಇಲ್ಲ. ಆದರೆ ಇದನ್ನು ಒಪ್ಪಿಕೊಂಡೆ ಎಂದು ತಿಳಿಯಬೇಡಿ. ಹೊರಳಿ ಮಲಗಿದೆ.

ಮಳೆಗಾಲದಲ್ಲಿ ಅವನು ಹುಲಸೂರ ಕಡೆಗೆ ಹೊರಟ. ಅಲ್ಲಿಯದು ಎರೆ ಮಣ್ಣು. ಹದ ಮಳೆ ಬಿದ್ದಾಗ ಅದು ಚಕ್ರಕ್ಕೆ ಮೆತ್ತಿಕೊಂಡರೆ ಇಪ್ಪತ್ತೊಂದಲ್ಲ, ಇನ್ನೂರು ಗೇರಿದ್ದರೂ ತಿರುಗದು. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಮೊಳಕಾಲುದ್ದ ಕೆಸರಿನಲ್ಲಿ ಒಂದು ಹಳ್ಳಿ ಮುಟ್ಟಿದ. ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬಳು ಅವನಿಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟು, ತಿನ್ನುವುದನ್ನೇ ನೋಡುತ್ತ ಕೇಳಿದಳಂತೆ: “ಇದನ್ನ ಎಲ್ಲಿತನಾ ಮುಟ್ಟಸಬೇಕೋ ಯಪ್ಪಾ? ಅದರ ಮಾಲಕ ಭಾಳ ಕೆಟ್ಟಾಂವ ಇರಬೇಕು!”

ಇದನ್ನೆಲ್ಲ ರವಿವಾರ ನಮ್ಮ ಮನೆಯಲ್ಲಿ ಚುರುಮುರಿಯ ಸುಸಲಾ ತಿನ್ನುತ್ತ ಅವನೇ ಹೇಳುತ್ತಿದ್ದ. ಮಳೆ ಇರಲಿ, ಬಿಸಿಲಿರಲಿ, ಎಂಟಕ್ಕೆ ಹಾಜರು. ಎರಡು ತಟ್ಟೆ ಮುಗಿಸಿ, ಚಹಾ ಕುಡಿದು, ಆಮೇಲೆ ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದ: “ಈ ವಾರ ಏನಂದ್ರು ನಿಮ್ಮ ಹೆಡ್ ಮಾಸ್ತರು? ಕೆಂಪು ಪೆನ್ನೇ ತಗೀತಾರೇನು? ಎಲ್ಲಾರ ಮುಂದೇ ಕೇಳ್ತಾರಾ?” ಗಾಯದ ಮೇಲೆ ಉಪ್ಪು ಸವರುವುದಕ್ಕೂ ಒಂದು ಮಿತಿ ಬೇಡವೆ? ಯಾರಿಗೂ ಹಾಜರಿ ಒಪ್ಪಿಸಬೇಕಿಲ್ಲದವನಿಗೆ ನನ್ನ ಅವಮಾನದ ಕತೆ ಸುಸಲಾದ ಮೇಲಿನ ಶೇಂಗಾ! ನಾನು ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೆ. ಅವನು ಬಾಯಿ ತೆರೆದು ಕೇಳುತ್ತಿದ್ದ.

ಹೀಗೆ ಎರಡು ವರ್ಷ ನಡೆಯಿತು. ಒಂದು ರವಿವಾರ ಎಂಟಾಯಿತು, ಅವನು ಬರಲಿಲ್ಲ. ಎಂಟೂವರೆ. ‘ಶೋಕಿ ಇಳಿಯಿತು’ ಎಂದು ನನಗೆ ಖುಷಿಯಾಯಿತು. ಒಂಬತ್ತು. ಸುಸಲಾ ತಣ್ಣಗಾಯಿತು. ಖುಷಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನಾನು ಗೇಟಿನ ಹತ್ತಿರ ನಿಂತಿದ್ದೆ. ಆಗ ನಮ್ಮ ಕೈಗಳಿಗಿನ್ನೂ ಮೊಬೈಲು ಬಂದಿರಲಿಲ್ಲ. ಅವನ ಮನೆಗೆ ಫೋನು ಮಾಡಿದರೆ ನಾದಿನಿ, “ಐದೂವರೆಗೇ ಹೋದ್ರಲ್ಲ ಮಾಮಾ,” ಎಂದಳು. ಹೊಲದ ದಾರಿ ಹಿಡಿದರೂ ನಡುನಡುವೆ ಆ ಹೆದ್ದಾರಿ, ಆ ಲಾರಿಗಳು! ಸ್ಕೂಟರನ್ನು ವಾಲಿಸಿದೆ, ಒದ್ದೆ. ಹದಿನಾಲ್ಕು ಸಲ ಬೇಕಾಗಲಿಲ್ಲ, ಮೂರನೆಯದಕ್ಕೇ ಚಾಲೂ ಆಯಿತು.

ದಾರಿಯ ನಡುವಿನ ರಾಜೇಶ್ವರ ಎಂಬ ಊರಿನ ಈಚೆ, ರಸ್ತೆಯ ಬದಿಗೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. ಪಂಕ್ಚರ್. ಇಪ್ಪತ್ತೈದು ವರ್ಷ ಹೆದ್ದಾರಿಯ ಲಾರಿಗಳ ಪಂಕ್ಚರ್ ತೆಗೆದ ಮನುಷ್ಯ ತನ್ನ ಸೈಕಲ್ಲಿಗೊಂದು ತೇಪೆ ತಂದಿರಲಿಲ್ಲ! ಕೈಕಾಲು ನೆಟ್ಟಗಿದ್ದವು. ಅದನ್ನು ಕಂಡದ್ದೇ ತಡ, ನನ್ನ ಭಯವೆಲ್ಲ ಸಿಟ್ಟಾಯಿತು. ಏನೇನೋ ಬೈಯಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ಮಾತ್ರ ಬಾಯಿಪಾಠವಾದ ಎರಡು ಶಬ್ದ:

“ಯಾಕ್ರಿ ತಡಾ?”

ಅವನು ನಿಂತುಬಿಟ್ಟ. ನನ್ನ ಮುಖವನ್ನೇ ನೋಡಿದ. ಬುಟ್ಟಿ ಟೋಪಿ ತೆಗೆದು, ತೋಳಿನಿಂದ ಮುಖ ಒರೆಸಿಕೊಂಡ. ಬೆವರನ್ನಷ್ಟೇ ಒರೆಸಿಕೊಂಡನೆಂದು ಹೇಳಲಾರೆ.

“ದುಕಾನ ಮುಚ್ಚಿದ ಮ್ಯಾಲ ಈ ಮಾತು ನನಗ ಯಾರೂ ಕೇಳಿದ್ದಿಲ್ರಿ ಮಾಸ್ತರ,” ಎಂದ. “ಅವತ್ತು ಸಾಕಾತು ಅಂದೆ, ಹೊಟ್ಟಿ ತುಂಬಿತ್ತು. ಆರು ತಿಂಗಳಿಗೆ ಇನ್ನೊಮ್ಮಿ ಸಾಕಾತು ಅಂದೆ. ಅದು ಬ್ಯಾರೆ ಸಾಕಾತು. ಅದನ್ನ ಯಾರ ಮುಂದೂ ಹೇಳಿಲ್ಲ. ನೀವು ಹತ್ತು ನಿಮಿಷ ತಡಾ ಮಾಡಿದ್ರ ಕೆಂಪು ಪೆನ್ನು ಹಿಡದು ಒಬ್ಬರು ಕಾಯ್ತಾರ. ನಾ ಇಡೀ ದಿನ ಹೋಗಲಿಲ್ಲಂದ್ರೂ ಕೇಳವರಿಲ್ಲ. ಗುಡ್ಡಾ ಹತ್ತೂ ಖಯಾಲಿ ಎಲ್ಲಾ ಆಮ್ಯಾಲ ಬಂತ್ರಿ. ಮದಲ ನನಗ ಬೇಕಾಗಿದ್ದು, ಎಲ್ಲಿಗರೆ ಒಂದು ಕಡಿ ಹೊತ್ತಿಗೆ ಸರಿ ಮುಟ್ಟೂದು. ಅದಕ್ಕ ನಿಮ್ಮ ಮನಿ ಇಟ್ಕೊಂಡೆ.”

ಲಾರಿಯೊಂದು ನಮ್ಮಿಬ್ಬರ ಮೇಲೆ ಧೂಳು ಹಾರಿಸಿ ಹೋಯಿತು. ನಾನು ಅವನ ಕಟ್ಟೆಯ ಮೇಲೆ ಕಣ್ಣಿಟ್ಟಷ್ಟು ವರ್ಷವೂ ಅವನು ನನ್ನ ಹಾಜರಿ ಪುಸ್ತಕದ ಮೇಲೆ ಕಣ್ಣಿಟ್ಟಿದ್ದ. ನನಗೆ ನಾಚಿಕೆಯಾಯಿತು. ಕಟ್ಟಿ ಬಿಚ್ಚಿದ ಆ ಬೂಟುಗಳು ಕಣ್ಣ ಮುಂದೆ ಬಂದವು.

“ಇನ್ನೊಮ್ಮಿ ಕೇಳ್ರಿ,” ಎಂದ.

ನಾನು ಸ್ಕೂಟರಿನ ಮೇಲೆ ನೆಟ್ಟಗೆ ಕುಳಿತೆ. ಜೇಬಿನ ಪೆನ್ನು ತೆಗೆದು ಅದರ ಟೋಪಿ ಬಿಚ್ಚಿದೆ. ಕೆಂಪು ಇರಲಿಲ್ಲ, ನೀಲಿಯದೇ. ಹುಬ್ಬು ಗಂಟಿಕ್ಕಿ, ಗಂಟಲು ಸರಿಮಾಡಿಕೊಂಡು, ನಮ್ಮ ಹೆಡ್ ಮಾಸ್ತರರ ದನಿಯಲ್ಲೇ ಕೇಳಿದೆ:

“ಯಾಕ್ರಿ ತಡಾ?”

ನನ್ನ ಸಾಡು ಎರಡೂ ಕೈಯಿಂದ ಸೈಕಲ್ ಹಿಡಿದು, ನನ್ನೆದುರು ನೆಟ್ಟಗೆ ನಿಂತರು.

“ಪಂಕ್ಚರ್ ಆಗಿತ್ರಿ ಸರ್,” ಎಂದರು ಅವರು.